ಡಿಶ್ ತಿರುಗಿಸುವ ಮುನ್ನ

ಕೃಷ್ಣಾ-ಘಟಪ್ರಭಾ ಸೀಮೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಟಿವಿ ನೋಡುವ ಮನೆಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು: ಮಗ್ಗಗಳ ಸದ್ದಿನ ಬನಹಟ್ಟಿಯಂಥ ಊರುಗಳಲ್ಲಿ ಗೋಡೆಗೆ ಗೋಡೆ ತಾಗಿ ನಿಂತ, ಕೇಬಲ್ ತಂತಿ ಸುಲಭವಾಗಿ ತಲುಪುವ ಓಣಿಯ ಮನೆಗಳು ಒಂದು ಬಗೆಯಾದರೆ, ನೀರಾವರಿ ಹರಡಿದಂತೆಲ್ಲ ಕಬ್ಬಿನ ಹೊಲಗಳ ನಡುವೆ ಎದ್ದ, ಒಂದಕ್ಕೊಂದು ಕೂಗಳತೆಯ ದೂರದಲ್ಲಿರುವ ತೋಟದ ಮನೆಗಳು ಇನ್ನೊಂದು ಬಗೆ. ತೋಟದ ಮನೆಯವರೆಗೆ ತಂತಿ ಎಳೆಯುವುದು ಕೇಬಲ್ ನಡೆಸುವವರಿಗೆ ಲಾಭದ ಕೆಲಸವಲ್ಲದ ಕಾರಣ, ಉಪಗ್ರಹದ ಸಂಕೇತವನ್ನು ನಡುವೆ ಯಾರ ತಂತಿಯೂ ಇಲ್ಲದೆ ಮನೆಯ ಮೇಲಿನ ಡಿಶ್‌ಗೇ ಇಳಿಸಿಕೊಳ್ಳುವ ವ್ಯವಸ್ಥೆ, ಅಂದರೆ ಡಿಟಿಎಚ್, ಅಲ್ಲಿ ಬೇರೂರಿತು. ಈ ಸೇವೆಯನ್ನು ಕೊಡುವ ಕಂಪನಿಯನ್ನು ಬದಲಿಸಬೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಯಾವುದು ಅಗ್ಗ ಎಂಬ ಪ್ರಶ್ನೆಯಾಗಿ ಕಾಣುತ್ತದೆಯಾದರೂ, ತಿಂಗಳ ರಿಚಾರ್ಜ್‌ನಲ್ಲಿ ಎಷ್ಟು ಪಾಲು ಕಂಪನಿಯದು, ಎಷ್ಟು ಪಾಲು ವಾಹಿನಿ ನಡೆಸುವವರದು, ಎಷ್ಟು ದೋಷ ಕಂಪನಿಯದು, ಎಷ್ಟು ಮಾಳಿಗೆಯದು ಎಂದು ಬಿಡಿಸಿ ನೋಡದೆ ಅದಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ.

ಭಾರತದಲ್ಲಿ ಡಿಟಿಎಚ್ ಸೇವೆಗೆ ಸರ್ಕಾರದ ಮಾರ್ಗಸೂಚಿ ಬಂದದ್ದು 2001ರಲ್ಲಿ. ಡಿಶ್ ಟಿವಿ 2003ರಲ್ಲಿ ಆರಂಭವಾಯಿತು. ಮರುವರ್ಷ ದೂರದರ್ಶನದ ಉಚಿತ ಸೇವೆ, 2006ರಲ್ಲಿ ಇಂದು ಟಾಟಾ ಪ್ಲೇ ಎನಿಸಿರುವ ಟಾಟಾ ಸ್ಕೈ, 2007ರ ಕೊನೆಗೆ ಸನ್ ಡೈರೆಕ್ಟ್, 2008ರಲ್ಲಿ ಏರ್‌ಟೆಲ್, 2009ರಲ್ಲಿ ವಿಡಿಯೋಕಾನ್ ಡಿ2ಎಚ್ ಬಂದವು. 2018ರಲ್ಲಿ ಡಿ2ಎಚ್ ಡಿಶ್ ಟಿವಿಯೊಳಗೆ ವಿಲೀನವಾಯಿತಾದರೂ ಹೆಸರು ಮಾತ್ರ ಬೇರೆಯಾಗಿಯೇ ಉಳಿದಿರುವುದರಿಂದ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಗ್ರಾಹಕನು ಅದೇ ಮನೆಯ ಮುಂಬಾಗಿಲಿನಿಂದ ಹೊರಟು ಹಿತ್ತಿಲ ಬಾಗಿಲಿನಿಂದ ಒಳಬಂದಂತಾಗುತ್ತದೆ.

ಈ ಕಂಪನಿಗಳು ಬಳಸುವ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿದ್ದು, ಭೂಮಿ ತಿರುಗುವ ವೇಗಕ್ಕೆ ಹೊಂದಿಕೊಂಡೇ ಸುತ್ತುವುದರಿಂದ ನೆಲದ ಮೇಲಿನವರಿಗೆ ಒಂದೇ ಕಡೆ ನಿಂತಂತೆ ತೋರುತ್ತವೆ. ಆದರೆ ಎಲ್ಲವೂ ಒಂದೇ ಜಾಗದಲ್ಲಿಲ್ಲ. ಟಾಟಾ ಪ್ಲೇಯ ಉಪಗ್ರಹಗಳು 83 ಡಿಗ್ರಿ ಪೂರ್ವ ರೇಖಾಂಶದಲ್ಲಿವೆ, ಡಿ2ಎಚ್‌ನದು 88ರಲ್ಲಿ, ದೂರದರ್ಶನದ ಉಚಿತ ಸೇವೆಯದು 93.5ರಲ್ಲಿ, ಡಿಶ್ ಟಿವಿಯದು 95ರಲ್ಲಿ, ಏರ್‌ಟೆಲ್‌ನದು 108.2ರಲ್ಲಿ. ಜಮಖಂಡಿ 75 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಅಲ್ಲಿನ ಮಾಳಿಗೆಯ ಮೇಲೆ ನಿಂತವನಿಗೆ ಇವೆಲ್ಲವೂ ದಕ್ಷಿಣ ಮತ್ತು ಪೂರ್ವದ ನಡುವಣ ಆಕಾಶದಲ್ಲೇ ಇವೆ. ಆದರೂ ಟಾಟಾ ಪ್ಲೇಯ ಉಪಗ್ರಹ ದಕ್ಷಿಣಕ್ಕೆ ಹತ್ತಿರವಾಗಿ, ನೆಲಮಟ್ಟದಿಂದ ಸುಮಾರು 69 ಡಿಗ್ರಿ ಎತ್ತರದಲ್ಲಿದ್ದರೆ, ಏರ್‌ಟೆಲ್‌ನದು ಆಗ್ನೇಯವನ್ನೂ ದಾಟಿ ಪೂರ್ವದ ಕಡೆಗೆ ಹೊರಳಿ, ಸುಮಾರು 48 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಈ ಲೆಕ್ಕಕ್ಕೆ ತೋಟದ ಮನೆಯಲ್ಲಿ ನೇರ ಪರಿಣಾಮವಿದೆ: ಮನೆಯ ಪೂರ್ವಕ್ಕೆ ಬೆಳೆದುನಿಂತ ಹುಣಸೆ ಅಥವಾ ಬೇವಿನ ಮರ ಈಗಿನ ಕಂಪನಿಗೆ ಯಾವ ಅಡ್ಡಿಯನ್ನೂ ಮಾಡದಿದ್ದು, ಬದಲಿಸಿದ ಕಂಪನಿಯ ಸಂಕೇತವನ್ನು ಪೂರ್ತಿಯಾಗಿ ಮುಚ್ಚಿಬಿಡಬಹುದು. ಹೊಸ ಜೋಡಣೆಗೆ ಹಣ ಕೊಡುವ ಮುನ್ನ ಡಿಶ್ ಯಾವ ದಿಕ್ಕಿಗೆ ನಿಲ್ಲುತ್ತದೆಂದು ಕೇಳಿ ಆ ದಿಕ್ಕಿಗೊಮ್ಮೆ ಕಣ್ಣು ಹಾಯಿಸುವುದು ಖರ್ಚಿಲ್ಲದ ಪರೀಕ್ಷೆ.

ಕಂಪನಿ ಬಿಡಬೇಕೆಂದು ಹೊರಡುವವರ ದೂರುಗಳಲ್ಲಿ ಎಲ್ಲವೂ ಕಂಪನಿಯವಲ್ಲ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಎಂಬ ತರಂಗಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರವಾದ್ದರಿಂದ ದಪ್ಪ ಮಳೆಹನಿಗಳು ಅವುಗಳ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಮುಂಗಾರಿಗೆ ಮೊದಲಿನ ಗುಡುಗುಮಳೆಯಲ್ಲಿ ಚಿತ್ರ ಚೂರುಚೂರಾಗಿ ನಿಲ್ಲುವುದಕ್ಕೆ ಕಾರಣ ಇದು, ಮತ್ತು ಇದು ಯಾವ ಕಂಪನಿಯನ್ನೂ ಬಿಟ್ಟಿಲ್ಲ. ಉಪಗ್ರಹ ಆಕಾಶದಲ್ಲಿ ಕೆಳಗಿದ್ದಷ್ಟೂ ಸಂಕೇತ ಮಳೆಯೊಳಗೆ ಓರೆಯಾಗಿ ಹೆಚ್ಚು ದೂರ ಹಾಯ್ದು ಬರಬೇಕಾಗುತ್ತದೆಂಬುದು ನಿಜವಾದರೂ, ಮಲೆನಾಡಿಗೆ ಹೋಲಿಸಿದರೆ ಮಳೆ ನೆರಳಿನ ಈ ಬಯಲುಸೀಮೆಯಲ್ಲಿ ಅಂಥ ಅಡಚಣೆ ವರ್ಷಕ್ಕೆ ಕೆಲವೇ ಗಂಟೆಗಳದಾದ್ದರಿಂದ ಅದೊಂದಕ್ಕೇ ಕಂಪನಿ ಬದಲಿಸುವುದು ವಿವೇಕವೆನಿಸದು. ಇನ್ನೊಂದು ಅಡಚಣೆಯಂತೂ ಬಹುತೇಕರಿಗೆ ಒಗಟು. ಮಾರ್ಚ್ ತಿಂಗಳ ನಡುವಿನ ಆಸುಪಾಸು ಮತ್ತು ಸೆಪ್ಟೆಂಬರ್ ಕೊನೆಯ ಆಸುಪಾಸು ಕೆಲವು ದಿನಗಳ ಕಾಲ, ಹಗಲಿನಲ್ಲಿ ಕೆಲವೇ ನಿಮಿಷ, ಸೂರ್ಯನು ಡಿಶ್‌ನ ದೃಷ್ಟಿರೇಖೆಯಲ್ಲಿ ಉಪಗ್ರಹದ ಸರಿಯಾಗಿ ಹಿಂದೆ ಬಂದು ನಿಲ್ಲುತ್ತಾನೆ. ಆಗ ಸೂರ್ಯನ ಸ್ವಂತ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಕ್ಷೀಣ ಸಂಕೇತ ಮುಳುಗಿಹೋಗುತ್ತದೆ. ಕಂಪನಿ ಬದಲಿಸಿದರೆ ಇದು ತಪ್ಪುವುದಿಲ್ಲ, ಗಂಟೆ ಮಾತ್ರ ಬದಲಾಗುತ್ತದೆ.

ಉಳಿದ ದೋಷಗಳಲ್ಲಿ ಬಹಳಷ್ಟು ಮಾಳಿಗೆಯ ಮೇಲಿನವು: ಗಾಳಿಗೋ ಮಂಗಗಳ ಓಡಾಟಕ್ಕೋ ಡಿಶ್ ಕೂದಲೆಳೆಯಷ್ಟು ಸರಿದಿರುವುದು, ಪತ್ರಾಸಿನ ಅಂಚಿಗೆ ಉಜ್ಜಿ ತಂತಿಯ ಸಿಪ್ಪೆ ಹರಿದಿರುವುದು, ಡಿಶ್‌ನ ಮುಂದೆ ಚಾಚಿಕೊಂಡು ಸಂಕೇತವನ್ನು ಹಿಡಿದು ತಂತಿಗೆ ದಾಟಿಸುವ ಎಲ್‌ಎನ್‌ಬಿ ಎಂಬ ಸಣ್ಣ ಉಪಕರಣದ ಬಾಯಿಗೆ ನೀರಿಳಿದಿರುವುದು, ವಿದ್ಯುತ್ತಿನ ಏರಿಳಿತಕ್ಕೆ ಸೆಟ್ ಟಾಪ್ ಬಾಕ್ಸಿನ ಅಡಾಪ್ಟರ್ ಸುಟ್ಟಿರುವುದು. ರಿಮೋಟ್‌ನ ಮೆನುವಿನಲ್ಲಿ ಸಂಕೇತದ ಬಲವನ್ನೂ ಗುಣಮಟ್ಟವನ್ನೂ ತೋರಿಸುವ ಪುಟವೊಂದಿರುತ್ತದೆ. ಅದೇ ಕಂಪನಿಯ ಡಿಶ್ ಇರುವ ನೆರೆಮನೆಯಲ್ಲಿ ಗುಣಮಟ್ಟ ಚೆನ್ನಾಗಿದ್ದು ಈ ಮನೆಯಲ್ಲಿ ಮಾತ್ರ ಕುಸಿದಿದ್ದರೆ ಬೇಕಾದದ್ದು ರಿಪೇರಿಯೇ ಹೊರತು ಬೇರೆ ಕಂಪನಿಯಲ್ಲ.

ಇನ್ನು ಹಣದ ಲೆಕ್ಕ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ಹೊರಡಿಸಿ 2019ರ ಫೆಬ್ರುವರಿಯಿಂದ ಜಾರಿಗೆ ತಂದ ದರ ವ್ಯವಸ್ಥೆಯಲ್ಲಿ ಗ್ರಾಹಕನ ಬಿಲ್ ಎರಡು ಭಾಗವಾಯಿತು. ಮೊದಲನೆಯದು ಸಂಕೇತ ತಲುಪಿಸುವ ಕೆಲಸಕ್ಕೆ ಕಂಪನಿ ಪಡೆಯುವ ಜಾಲ ಸಾಮರ್ಥ್ಯ ಶುಲ್ಕ. ಎರಡನೆಯದು ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣದಂಥ ಪಾವತಿ ವಾಹಿನಿಗಳ ಬೆಲೆ. ಜಾಲ ಶುಲ್ಕಕ್ಕೆ ಆರಂಭದಲ್ಲಿ 100 ವಾಹಿನಿಗಳಿಗೆ 130 ರೂಪಾಯಿಯ ಮಿತಿಯಿತ್ತು. ಶೇಕಡಾ 18ರ ಜಿಎಸ್‌ಟಿ ಸೇರಿ ಅದು 153 ರೂಪಾಯಿ 40 ಪೈಸೆಯಾಗುತ್ತಿತ್ತು. 2020ರಲ್ಲಿ ಅದೇ ಮೊತ್ತಕ್ಕೆ 200 ವಾಹಿನಿಗಳೆಂದಾಯಿತು, 2024ರ ಜುಲೈನಲ್ಲಿ ಮಿತಿಯನ್ನೇ ತೆಗೆದು ಶುಲ್ಕವನ್ನು ಮಾರುಕಟ್ಟೆಗೆ ಬಿಡಲಾಯಿತು. ಪಾವತಿ ವಾಹಿನಿಯ ಗರಿಷ್ಠ ಬೆಲೆಯನ್ನಾದರೋ ಘೋಷಿಸುವುದು ಪ್ರಸಾರ ಸಂಸ್ಥೆ. ಡಿಟಿಎಚ್ ಕಂಪನಿ ಅದಕ್ಕಿಂತ ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. ತನ್ನ ವಾಹಿನಿಯನ್ನು ಎಲ್ಲ ವಿತರಕರಿಗೂ ಭೇದವಿಲ್ಲದೆ ಕೊಡಬೇಕೆಂಬ ನಿಯಮವೂ ಪ್ರಸಾರ ಸಂಸ್ಥೆಯ ಮೇಲಿದೆ. ಆದ್ದರಿಂದ ಸನ್ ಡೈರೆಕ್ಟ್ ಮತ್ತು ಉದಯ ಟಿವಿ ಒಂದೇ ಬಳಗದವಾದ್ದರಿಂದ ಉದಯ ಅಲ್ಲಿ ಮಾತ್ರ ಸಿಗುತ್ತದೆ ಅಥವಾ ಅಲ್ಲಿಯೇ ಸರಿಯಾಗಿ ಬರುತ್ತದೆ ಎಂಬ ಊಹೆಗೆ ಆಧಾರವಿಲ್ಲ.

ಇದರ ಅರ್ಥವಿಷ್ಟೆ: ಬಿಲ್‌ನ ದೊಡ್ಡ ಭಾಗ ವಾಹಿನಿಗಳ ಗುಚ್ಛಗಳಿಗೆ, ಅಂದರೆ ಪ್ಯಾಕ್‌ಗಳಿಗೆ, ಹೋಗುತ್ತಿದ್ದಲ್ಲಿ ಕಂಪನಿ ಬದಲಿಸಿದರೂ ಆ ಭಾಗ ಅಷ್ಟಾಗಿ ಇಳಿಯುವುದಿಲ್ಲ, ಅದನ್ನು ಇಳಿಸುವ ದಾರಿ ಪ್ಯಾಕ್ ಒಡೆಯುವುದು. 2024ರ ನವೆಂಬರ್‌ನಲ್ಲಿ ಸ್ಟಾರ್ ಇಂಡಿಯಾ ಮತ್ತು ವಯಾಕಾಮ್18 ಒಂದಾದ ಮೇಲೆ ಸುವರ್ಣ ಮತ್ತು ಕಲರ್ಸ್ ಕನ್ನಡ ಒಂದೇ ಸಂಸ್ಥೆಯವಾಗಿವೆ, ಹಾಗಾಗಿ ಕನ್ನಡದ ಮುಖ್ಯ ಮನರಂಜನಾ ವಾಹಿನಿಗಳೆಲ್ಲ ಈಗ ಸನ್, ಜೀ ಮತ್ತು ಜಿಯೋಸ್ಟಾರ್ ಎಂಬ ಮೂರು ಮನೆಗಳಿಂದ ಬರುತ್ತವೆ. ಈ ಮೂರರಲ್ಲಿ ಯಾವುದರ ಧಾರಾವಾಹಿಯನ್ನು ಮನೆಯವರು ನಿಜಕ್ಕೂ ತಪ್ಪದೆ ನೋಡುತ್ತಾರೆಂದು ಒಂದು ತಿಂಗಳು ಗಮನಿಸಿದರೆ ಸಾಕು, ಅತ್ತೆ-ಸೊಸೆಯರ ನಡುವಿನ ಮಾತುಕತೆಯ ಹೊರತಾಗಿ ಬೇರೆ ತಜ್ಞರ ಅಗತ್ಯ ಬೀಳದು.

ಈ ಸೀಮೆಯ ಬಿಲ್ ಬೇರೆಡೆಗಿಂತ ಭಾರವಾಗಲು ಇನ್ನೊಂದು ಕಾರಣವಿದೆ. ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಮರಾಠಿ ಸಂಸ್ಥಾನವಾಗಿತ್ತು. ಸಾಂಗ್ಲಿ, ಕೊಲ್ಹಾಪುರ, ಇಚಲಕರಂಜಿಗಳೊಂದಿಗಿನ ಬೀಗತನ ಮತ್ತು ನೂಲು-ಬಟ್ಟೆಯ ವ್ಯವಹಾರ ಇಂದಿಗೂ ಜೀವಂತವಾಗಿರುವುದರಿಂದ, ಕನ್ನಡ ಪ್ಯಾಕ್ ಹಾಕಿಸಿಕೊಂಡ ಎಷ್ಟೋ ಮನೆಗಳಲ್ಲಿ ಮರಾಠಿ ವಾಹಿನಿಯೂ ಬೇಕು, ಮಕ್ಕಳಿಗೆ ಕಾರ್ಟೂನೂ ಬೇಕು, ಕ್ರಿಕೆಟ್ ಅಂತೂ ಬೇಕೇ ಬೇಕು. ರಾಜ್ಯದ ಗಡಿಯನ್ನು ನೋಡಿ ಕಂಪನಿಗಳು ಸಿದ್ಧಪಡಿಸುವ ಕರ್ನಾಟಕದ ಪ್ಯಾಕ್‌ಗಳು ಇಂಥ ಮನೆಯ ಭಾಷಾಲೆಕ್ಕಕ್ಕೆ ಹೊಂದುವುದಿಲ್ಲ. ಮರಾಠಿಯನ್ನು ಬಿಡಿಯಾಗಿ ಸೇರಿಸಿದಾಗ ಬೀಳುವ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದೇ ಎರಡು ಕಂಪನಿಗಳನ್ನು ಹೋಲಿಸಬೇಕು. ಜಾಹೀರಾತಿನ ಪ್ಯಾಕ್ ದರವನ್ನು ಜಾಹೀರಾತಿನ ಪ್ಯಾಕ್ ದರದೊಂದಿಗೆ ಹೋಲಿಸುವುದು ಇಲ್ಲಿ ತೀರ ದಾರಿತಪ್ಪಿಸುವ ವಿಧಾನ.

ಬದಲಾವಣೆಯ ನಿಜವಾದ ಖರ್ಚು ಅಡಗಿರುವುದು ಸೆಟ್ ಟಾಪ್ ಬಾಕ್ಸ್‌ನಲ್ಲಿ. ಪ್ರತಿ ಕಂಪನಿಯೂ ತನ್ನ ಸಂಕೇತವನ್ನು ಗೂಢಲಿಪಿಯಲ್ಲಿ ಕಳುಹಿಸುತ್ತದೆ, ಅದನ್ನು ಬಿಡಿಸುವ ಕೀಲಿ ಅದರದೇ ಬಾಕ್ಸ್‌ನಲ್ಲೋ ಅದರೊಳಗಿನ ಕಾರ್ಡ್‌ನಲ್ಲೋ ಇರುತ್ತದೆ. ಹಾಗಾಗಿ ಮೊಬೈಲ್ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸಿದಂತೆ ಇಲ್ಲಿ ಬಾಕ್ಸ್ ಉಳಿಸಿಕೊಂಡು ಬದಲಿಸಲಾಗದು. ಬಾಕ್ಸ್‌ಗಳು ಪರಸ್ಪರ ಹೊಂದುವಂತಿರಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿದ್ದುಂಟು, ಮನೆಗಳಲ್ಲಿನ ಪರಿಸ್ಥಿತಿ ಮಾತ್ರ ಹಾಗೆಯೇ ಇದೆ. ಜೋಡಣೆಗೆ 350 ಮತ್ತು ಚಾಲನೆಗೆ 100 ರೂಪಾಯಿ ಮೀರಬಾರದೆಂದಿದ್ದ ಹಿಂದಿನ ಮಿತಿಯನ್ನೂ 2024ರಲ್ಲಿ ಸಡಿಲಿಸಲಾಗಿದ್ದು, ಕಂಪನಿಗಳು ತಮ್ಮ ದರವನ್ನು ಬಹಿರಂಗವಾಗಿ ಪ್ರಕಟಿಸಬೇಕೆಂಬ ಷರತ್ತು ಉಳಿದಿದೆ. ಹೊಸ ಬಾಕ್ಸ್, ಜೋಡಣೆ ಎಲ್ಲ ಸೇರಿ 1,500 ರೂಪಾಯಿ ತಗುಲುವುದೆಂದೂ, ಬದಲಾವಣೆಯಿಂದ ತಿಂಗಳಿಗೆ 60 ರೂಪಾಯಿ ಉಳಿಯುವುದೆಂದೂ ಇಟ್ಟುಕೊಂಡರೆ ಹಾಕಿದ ಹಣ ಮರಳಿ ಬರಲು 25 ತಿಂಗಳು ಬೇಕು. ಮಗ್ಗದ ವಾರದ ಬಟವಾಡೆಯ ಮೇಲೆ ನಡೆಯುವ ಸಂಸಾರಕ್ಕೆ ಒಮ್ಮೆಗೇ ಅಷ್ಟು ಹಣ ಕಟ್ಟುವುದು ಹಗುರವಲ್ಲ. ಬಾಕ್ಸ್ ಉಚಿತವೆಂದು ಹೇಳಿ ಆರು ತಿಂಗಳ ಅಥವಾ ವರ್ಷದ ರಿಚಾರ್ಜನ್ನು ಮುಂಗಡವಾಗಿ ಪಡೆಯುವ ಯೋಜನೆಯಲ್ಲಿ ಉಚಿತವಾದದ್ದೇನು ಎಂಬುದನ್ನೂ ಇದೇ ರೀತಿ ಭಾಗಿಸಿ ನೋಡಬೇಕಾಗುತ್ತದೆ. ಹಳೆಯ ಬಾಕ್ಸ್ ಕೊಂಡದ್ದೋ ಬಾಡಿಗೆಯದೋ ಎಂದು ರಸೀದಿಯಲ್ಲಿ ನೋಡಿಕೊಳ್ಳುವುದು ಅಗತ್ಯ, ಏಕೆಂದರೆ ಬಾಡಿಗೆಯದಾದರೆ ಅದನ್ನು ಹಿಂದಿರುಗಿಸಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಕೆಟ್ಟಾಗ ಬರುವವರು ಯಾರು ಎಂಬುದನ್ನು ತಿಳಿಯಬೇಕು. ಕಂಪನಿಯ ಕಚೇರಿ ದೂರದ ಮಹಾನಗರದಲ್ಲಿದ್ದರೂ ಡಿಶ್ ಸರಿಪಡಿಸುವವನು ಮುಧೋಳದಿಂದಲೋ ಜಮಖಂಡಿಯಿಂದಲೋ ಬೈಕ್ ಮೇಲೆ ತೋಟದವರೆಗೆ ಬರಬೇಕಾದವನು. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರಿಗೂ, ದುಡಿಯಲು ಗೋವಾ ಮತ್ತು ಮಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವವರಿಗೂ ಡಿಟಿಎಚ್‌ನ ಒಂದು ಗುಣ ಅನುಕೂಲವಾಗಿದೆ: ಉಪಗ್ರಹದ ಸಂಕೇತ ದೇಶವನ್ನೆಲ್ಲ ಆವರಿಸುವುದರಿಂದ ಅದೇ ಬಾಕ್ಸ್ ಅದೇ ಡಿಶ್ ಹೋದಲ್ಲೂ ನಡೆಯುತ್ತದೆ, ಮರುಜೋಡಣೆ ಮಾಡುವ ಕೈ ಮಾತ್ರ ಬೇಕು. ದೂರಿಗೆ ಕಂಪನಿಯ ದೂರು ಕೇಂದ್ರ, ಅಲ್ಲಿ ಬಗೆಹರಿಯದಿದ್ದರೆ ಅದರ ನೋಡಲ್ ಅಧಿಕಾರಿ, ಆನಂತರ 1915 ಎಂಬ ಗ್ರಾಹಕ ಸಹಾಯವಾಣಿ ಮತ್ತು ಜಿಲ್ಲಾ ಗ್ರಾಹಕರ ಆಯೋಗವಿವೆ. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ.

ಕಂಪನಿಯ ಆಯುಷ್ಯವೂ ಲೆಕ್ಕಕ್ಕೆ ಬರುತ್ತದೆ. 2008ರಲ್ಲಿ ಆರಂಭವಾದ ರಿಲಯನ್ಸ್ ಬಿಗ್ ಟಿವಿ ಕೈ ಬದಲಿಸಿ, ಹೆಸರು ಬದಲಿಸಿ, ಕೊನೆಗೆ ನಿಂತೇಹೋದಾಗ ಅದರ ಬಾಕ್ಸ್‌ಗಳು ಯಾವ ಕೆಲಸಕ್ಕೂ ಬಾರದಾದವು. ದೇಶದಲ್ಲಿ 2021ರಲ್ಲಿ 7 ಕೋಟಿಗೆ ಸಮೀಪವಿದ್ದ ಸಕ್ರಿಯ ಡಿಟಿಎಚ್ ಗ್ರಾಹಕರು 2024ರ ಮಾರ್ಚ್ ಹೊತ್ತಿಗೆ ಸುಮಾರು 6 ಕೋಟಿ 20 ಲಕ್ಷಕ್ಕೆ ಇಳಿದರು. ಒಂದು ಕಡೆ ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್, ಇನ್ನೊಂದು ಕಡೆ ಉಚಿತ ಡಿಶ್ ಅವರನ್ನು ಸೆಳೆದವು. 2025ರಲ್ಲಿ ಏರ್‌ಟೆಲ್ ಮತ್ತು ಟಾಟಾ ಪ್ಲೇ ವಿಲೀನದ ಮಾತುಕತೆ ನಡೆದು ಮುರಿದುಬಿದ್ದದ್ದೂ ಈ ಇಳಿತದ ಹಿನ್ನೆಲೆಯಲ್ಲೇ.

ಉಚಿತ ಡಿಶ್ ಎಂದರೆ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. ತಿಂಗಳ ಶುಲ್ಕವಿಲ್ಲ, ಬಾಕ್ಸ್ ಒಮ್ಮೆ ಕೊಂಡರೆ ಮುಗಿಯಿತು. ಚಂದನ ಅದರಲ್ಲಿದೆ, ಹಿಂದಿ ವಾಹಿನಿಗಳು ಧಾರಾಳವಾಗಿವೆ, ಆದರೆ ಕನ್ನಡದ ಜನಪ್ರಿಯ ಧಾರಾವಾಹಿ ವಾಹಿನಿಗಳು ಇಲ್ಲದಿರುವುದರಿಂದ ಉತ್ತರ ಭಾರತದಲ್ಲಿ ಅದು ಪಡೆದ ಮನ್ನಣೆ ಇಲ್ಲಿ ಸಿಕ್ಕಿಲ್ಲ. ಆದರೂ ಕಂಪನಿ ಬದಲಿಸಿದ ಅಥವಾ ಕೇಬಲ್‌ಗೆ ಮರಳಿದ ಮನೆಯ ಮಾಳಿಗೆಯಲ್ಲಿ ತುಕ್ಕು ಹಿಡಿಯುತ್ತ ನಿಂತ ಹಳೆಯ ಡಿಶ್‌ಗೆ ಇದೊಂದು ಉಪಯೋಗ: ಎಲ್‌ಎನ್‌ಬಿ ಸರಿಯಾಗಿದ್ದರೆ, ಬಲ್ಲವರ ಕೈಯಲ್ಲಿ ಅದನ್ನು 93.5 ಡಿಗ್ರಿಯ ಉಪಗ್ರಹದ ಕಡೆಗೆ ತಿರುಗಿಸಿ, ಗೂಢಲಿಪಿಯಿಲ್ಲದ ಸಾದಾ ಬಾಕ್ಸ್ ಜೋಡಿಸಿದರೆ, ಹೊಲ ಕಾಯುವವರ ಶೆಡ್ಡಿನಲ್ಲೂ ಸಂಜೆಯ ವಾರ್ತೆ ಬರುತ್ತದೆ.