ಸ್ಪ್ರೂಸಿನ ಎದೆ, ಬೀಟೆಯ ಬೆನ್ನು

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 52 ಮಂದಿ ಗಿಟಾರ್ ವಾದಕರ ಕೈಗೆ ಆರು ಗಿಟಾರ್‌ಗಳನ್ನು ಒಂದರ ಹಿಂದೆ ಒಂದರಂತೆ ಕೊಟ್ಟು ನುಡಿಸಲು ಹೇಳಿದರು. ಕೋಣೆಯಲ್ಲಿ ಮಬ್ಬು ಬೆಳಕು. ವಾದಕರ ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ. ಆರನ್ನೂ ಕಟ್ಟಿದವರು ಒಬ್ಬರೇ, ಫೈಲ್ಡ್ ಗಿಟಾರ್ಸ್‌ನ ರೋಜರ್ ಬಕ್ನಾಲ್. ಆಕಾರ, ಅಳತೆ, ಮೇಲ್ಹಲಗೆಯ ಸಿಟ್ಕಾ ಸ್ಪ್ರೂಸ್ ಮರ ಎಲ್ಲವೂ ಒಂದೇ. ಬೆನ್ನು ಮತ್ತು ಪಕ್ಕೆಗಳ ಮರ ಮಾತ್ರ ಬೇರೆ ಬೇರೆ: ಬ್ರೆಜಿಲಿನ ರೋಸ್‌ವುಡ್, ನಮ್ಮ ಬೀಟೆ (ಭಾರತದ ರೋಸ್‌ವುಡ್), ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. ನಾದಕ್ಕೆ ಅಂಕ ಕೊಡಿ ಎಂದಾಗ ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು. ಬೆಲೆಯಲ್ಲಿ ಎಲ್ಲಕ್ಕಿಂತ ಮೇಲಿರುವ ಬ್ರೆಜಿಲ್ ಮರಕ್ಕೂ ವಿಶೇಷ ಮರ್ಯಾದೆ ಸಿಗಲಿಲ್ಲ. 2018ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಗಿಟಾರ್ ಕೊಳ್ಳಲು ಹೊರಟ ಪ್ರತಿಯೊಬ್ಬರೂ ತಿಳಿದಿರಬೇಕು ಎನ್ನುವುದು ನನ್ನ ಆಸೆ.

ಬೀಟೆಯ ಹೆಸರು ಬಂದದ್ದರಿಂದ ಇದು ನಮ್ಮ ನೆಲಕ್ಕೂ ಸೇರಿದ ವಿಷಯ. ಮೈಸೂರಿನ ಇನ್‌ಲೇ (ಕೆತ್ತಿ ಕೂರಿಸುವ) ಕೆಲಸಕ್ಕೆ ಹಿನ್ನೆಲೆಯಾಗುವ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಾಗಿ ನಿಲ್ಲುವ, ಸ್ವಂತ ತೋಟದಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯಲಾಗದ ಈ ಮರ ಗಿಟಾರ್ ಲೋಕಕ್ಕೆ ದೊಡ್ಡ ಪ್ರಮಾಣದಲ್ಲಿ ಹೊಕ್ಕಿದ್ದು 1960ರ ದಶಕದ ಕೊನೆಯಲ್ಲಿ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಹೆಸರಾಂತ ಮಾದರಿಗಳಿಗೆ ಭಾರತದ ಬೀಟೆಯನ್ನು ಬಳಸತೊಡಗಿತು. ಬ್ರೆಜಿಲ್ ಮರ 1992ರಲ್ಲಿ, ವನ್ಯ ಜೀವಿ-ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿತು. ಬೀಟೆಯೂ ಸೇರಿದಂತೆ ಅದೇ ಕುಲದ ಉಳಿದ ಮರಗಳ ವ್ಯಾಪಾರಕ್ಕೂ 2017ರಲ್ಲಿ ಪರವಾನಗಿ ಕಡ್ಡಾಯವಾಯಿತು, 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಳೆಯ ಬ್ರೆಜಿಲ್ ಮರದ ಗಿಟಾರ್‌ಗಳಿಗೆ ಇಂದು ಕೇಳುವ ಬೆಲೆಯಲ್ಲಿ ನಾದದ ಪಾಲಿಗಿಂತ ಮರದ ಅಭಾವದ ಪಾಲೇ ದೊಡ್ಡದು.

ಹಾಗಾದರೆ ನಾದ ಎಲ್ಲಿಂದ ಬರುತ್ತದೆ? ಬರೀ ತಂತಿ ಕಂಪಿಸಿದರೆ ಪಕ್ಕದ ಕೋಣೆಗೂ ಕೇಳಿಸದು, ಅದು ಅಲುಗಿಸುವ ಗಾಳಿ ಅಷ್ಟು ಕಡಿಮೆ. ತಂತಿಯ ಕಂಪನ, ತಂತಿ ಕೂರುವ ಕುದುರೆಯ (ಬ್ರಿಜ್) ಮೂಲಕ ಮೇಲ್ಹಲಗೆಗೆ ಇಳಿದು, ಆ ಅಗಲವಾದ ಹಲಗೆ ಗಾಳಿಯನ್ನು ತಳ್ಳಿದಾಗಲೇ ಗಿಟಾರ್ ನುಡಿಯುವುದು. ಈ ಹಲಗೆಯ ದಪ್ಪ ಮೂರು ಮಿಲಿಮೀಟರಿನ ಆಸುಪಾಸು. ಅದರ ಮೇಲೆ ಆರು ಉಕ್ಕಿನ ತಂತಿಗಳು ಒಟ್ಟು 70 ಕಿಲೋಗೂ ಹೆಚ್ಚಿನ ಬಲದಿಂದ ಹಗಲೂ ರಾತ್ರಿ ಜಗ್ಗುತ್ತಿರುತ್ತವೆ. ಸ್ಪ್ರೂಸ್ ಮರ ಹಗುರ, ಆದರೆ ತೂಕಕ್ಕೆ ಹೋಲಿಸಿದರೆ ಬಹಳ ಬಿಗಿ. ಅದಕ್ಕೇ ಅದು ಗಿಟಾರಿನ ಎದೆಯಾಯಿತು. ಆದರೂ ಒಂಟಿಯಾಗಿ ಅಷ್ಟು ಎಳೆತ ತಾಳದು. ಒಳಗಿನಿಂದ ಪಟ್ಟಿಗಳನ್ನು ಅಂಟಿಸಿ ಆಧಾರ ಕೊಡಬೇಕು. ಪಟ್ಟಿ ದಪ್ಪವಾದರೆ ಹಲಗೆ ಗಟ್ಟಿಯಾಗಿ ನಿಂತು ನಾದ ಉಸಿರುಗಟ್ಟುತ್ತದೆ. ತೆಳುವಾದರೆ ನಾದ ಅರಳುತ್ತದೆ, ನಾಲ್ಕು ವರ್ಷಕ್ಕೆ ಹೊಟ್ಟೆ ಉಬ್ಬುತ್ತದೆ. ಗಿಟಾರ್ ಕಟ್ಟುವವರ ವಿದ್ಯೆಯೆಲ್ಲ ಈ ಇಕ್ಕಟ್ಟಿನ ನಡುವೆ ಇದೆ.

ನಾದ ಬರುವುದು ಮುಖ್ಯವಾಗಿ ಮೇಲ್ಹಲಗೆಯಿಂದ ಎಂಬುದನ್ನು ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ದೆ ಟೊರೆಸ್ 1862ರಲ್ಲೇ ಮಾಡಿ ತೋರಿಸಿದ್ದ. ಒಳ್ಳೆಯ ಸ್ಪ್ರೂಸಿನ ಮೇಲ್ಹಲಗೆ ಇಟ್ಟು, ಬೆನ್ನು-ಪಕ್ಕೆಗಳನ್ನು ರಟ್ಟಿನಿಂದ ಮಾಡಿದ ಗಿಟಾರ್ ಅವನದು. 1995ರಲ್ಲಿ ಕ್ಯಾಲಿಫೋರ್ನಿಯಾದ ಗಿಟಾರ್ ತಯಾರಕ ಬಾಬ್ ಟೇಲರ್, ಸರಕು ಪೇರಿಸುವ ಹಳೆಯ ಪ್ಯಾಲೆಟ್ಟಿನ ಓಕ್ ಮರದಿಂದ ಬೆನ್ನು-ಪಕ್ಕೆ ಮಾಡಿ, ಮೊಳೆ ಹೊಡೆದ ತೂತುಗಳು ಕಾಣುವಂತೆಯೇ ಬಿಟ್ಟು, ವ್ಯಾಪಾರ ಮೇಳಕ್ಕೆ ತಂದಿಟ್ಟ. ಅದೂ ಚೆನ್ನಾಗಿಯೇ ನುಡಿಯಿತು.

ಇಷ್ಟಾದರೂ ಒಂದೊಂದು ಕಂಪನಿಯ ಗಿಟಾರ್ ಒಂದೊಂದು ಬಗೆಯಾಗಿ ನುಡಿಯುವುದು ನಿಜ. ಯಾವುದೋ ಕಾಲದಲ್ಲಿ, ಯಾವುದೋ ವಾದಕರ ಅಗತ್ಯಕ್ಕೆಂದು ಆ ಮನೆತನ ಗೊತ್ತುಮಾಡಿಕೊಂಡ ಆಕಾರ, ಪಟ್ಟಿಗಳ ವಿನ್ಯಾಸ, ತಂತಿಯ ಉದ್ದ ಇಂದಿಗೂ ಅದರಲ್ಲಿ ಮುಂದುವರಿದಿವೆ. ಹೆಸರು ನೋಡಿ ಕೊಳ್ಳುವ ಮುಂಚೆ ಆ ಹೆಸರಿನ ಹಿಂದಿನ ಅಗತ್ಯ ಏನಾಗಿತ್ತು ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಮಾರ್ಟಿನ್‌ನಿಂದಲೇ ಶುರುಮಾಡಬೇಕು. ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಹುಟ್ಟಿದ್ದು 1796ರಲ್ಲಿ, ಜರ್ಮನಿಯ ಸ್ಯಾಕ್ಸನಿಯ ಮಾರ್ಕ್‌ನ್ಯೂಕಿರ್ಖೆನ್ ಎಂಬ ವಾದ್ಯ ತಯಾರಕರ ಊರಲ್ಲಿ. ಕೆಲಸ ಕಲಿತದ್ದು ವಿಯೆನ್ನಾದ ಗಿಟಾರ್ ತಯಾರಕ ಸ್ಟೌಫರ್ ಬಳಿ. ಊರಿಗೆ ಮರಳಿದರೆ ಅಲ್ಲೊಂದು ತಗಾದೆ: ಮಾರ್ಟಿನ್ ಕುಟುಂಬ ಬಡಗಿಗಳ ಸಂಘಕ್ಕೆ ಸೇರಿದ್ದು, ಗಿಟಾರ್ ಮಾಡುವ ಹಕ್ಕು ತಮ್ಮದು ಮಾತ್ರ ಎಂದು ಪಿಟೀಲು ತಯಾರಕರ ಸಂಘ ಹಟ ಹಿಡಿದಿತ್ತು. ಬೇಸತ್ತ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದ. ಕೆಲವು ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನಜರೆತ್‌ಗೆ ಬಂದು ನೆಲೆಸಿದ. ಕಂಪನಿ ಇಂದಿಗೂ ಅದೇ ಊರಲ್ಲಿದೆ, ಅದೇ ಕುಟುಂಬದ ಒಡೆತನದಲ್ಲಿದೆ.

1840ರ ದಶಕದಲ್ಲಿ ಮಾರ್ಟಿನ್ ಗಿಟಾರ್‌ಗಳ ಒಳಗೆ ಎರಡು ಮುಖ್ಯ ಪಟ್ಟಿಗಳು ಒಂದನ್ನೊಂದು ಅಡ್ಡ ಹಾಯುವ ಎಕ್ಸ್ ಆಕಾರದ ಕಟ್ಟು ಬಂತು. ಆಗ ಇದ್ದದ್ದು ಕರುಳಿನ ತಂತಿ, ಎಳೆತ ಕಡಿಮೆ. ಇಪ್ಪತ್ತನೆಯ ಶತಮಾನದಲ್ಲಿ ಉಕ್ಕಿನ ತಂತಿ ಬಂದು ಎಳೆತ ಹೆಚ್ಚಾದಾಗ ಆ ಹಳೆಯ ಕಟ್ಟು ಅದಕ್ಕೂ ತಕ್ಕುದಾಗಿತ್ತು. ಇಂದು ಉಕ್ಕಿನ ತಂತಿಯ ಗಿಟಾರ್ ಎಲ್ಲಿ ತಯಾರಾದರೂ ಒಳಗೆ ಕೈ ಹಾಕಿದರೆ ಬಹುಮಟ್ಟಿಗೆ ಇದೇ ಎಕ್ಸ್ ಸಿಗುತ್ತದೆ.

ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ, ಸೊಂಟ ಸಣ್ಣಗಿರದ ದೊಡ್ಡ ಗಿಟಾರಿಗೆ ಡ್ರೆಡ್‌ನಾಟ್ ಎಂದು ಹೆಸರು. ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರು ಅದು. 1916ರಲ್ಲಿ ಬಾಸ್ಟನ್ನಿನ ಡಿಟ್ಸನ್ ಕಂಪನಿಗಾಗಿ ಮಾರ್ಟಿನ್ ಇದನ್ನು ಮೊದಲು ಮಾಡಿತು. ತನ್ನದೇ ಹೆಸರಿನಲ್ಲಿ ತಂದದ್ದು 1931ರಲ್ಲಿ. ಮಹಾಗನಿಯದು ಡಿ-18, ರೋಸ್‌ವುಡ್ಡಿನದು ಡಿ-28. ಅಮೆರಿಕದ ಬ್ಲೂಗ್ರಾಸ್ ಗುಂಪುಗಳಲ್ಲಿ ಬ್ಯಾಂಜೊ, ಪಿಟೀಲುಗಳ ಅಬ್ಬರದ ನಡುವೆ ತನ್ನ ದನಿ ಮುಳುಗದಂತೆ ನಿಲ್ಲಬೇಕಾದ ಗಿಟಾರಿಗೆ ಇಷ್ಟು ದೊಡ್ಡ ಒಡಲು ಬೇಕಿತ್ತು. ಡಿ-28ರ ಆರನೆಯ ತಂತಿಯನ್ನು ಬಿಡಿಯಾಗಿ ಮೀಟಿ ನೋಡಿ. ಮಂದ್ರ ತುಂಬಿ ಬರುತ್ತದೆ, ಅದರ ಹಿಂದೆ ಸೂಕ್ಷ್ಮ ಸ್ವರಗಳ ಒಂದು ಕಾರ್ವೆ ಬಹಳ ಹೊತ್ತು ನಿಲ್ಲುತ್ತದೆ. 1968ರಲ್ಲಿ ಋಷಿಕೇಶದ ಆಶ್ರಮಕ್ಕೆ ಬಂದಿದ್ದ ಬೀಟಲ್ಸ್‌ನ ಲೆನನ್ ಮತ್ತು ಮೆಕಾರ್ಟ್ನಿ ತಂದಿದ್ದದ್ದು ಡಿ-28ಗಳನ್ನೇ. ಬೆರಳುಗಳಿಂದ ತಂತಿಗಳನ್ನು ಬಿಡಿಬಿಡಿಯಾಗಿ ಮೀಟುವ ಕ್ರಮವನ್ನು ಲೆನನ್ ಅಲ್ಲೇ ಗಾಯಕ ಡೊನೊವನ್‌ನಿಂದ ಕಲಿತ.

ಹಳೆಯ ಮಾರ್ಟಿನ್‌ಗಳಿಗೆ ಅಷ್ಟು ಹೆಸರು ಬಂದದ್ದಕ್ಕೆ ಒಂದು ಕಾರಣ ಹೊರಗೆ ಕಾಣುವುದಿಲ್ಲ. ಆ ಕಾಲದಲ್ಲಿ ಒಳಪಟ್ಟಿಗಳ ನಡುಭಾಗವನ್ನು ಉಳಿಯಿಂದ ಕೆರೆದು ತಗ್ಗು ಮಾಡುತ್ತಿದ್ದರು. ಮೇಲ್ಹಲಗೆಯ ಭಾರ ಇಳಿದು ಮಂದ್ರ ಅರಳುತ್ತಿತ್ತು. ವಾದಕರು ಭಾರೀ ತಂತಿಗಳನ್ನು ಕಟ್ಟತೊಡಗಿದ್ದರಿಂದ ಕಂಪನಿ 1944ರಲ್ಲಿ ಈ ಕೆರೆತವನ್ನು ನಿಲ್ಲಿಸಿತು. ವಾದಕರು ಬಿಡಲಿಲ್ಲ, ಹಳೆಯ ನಾದವನ್ನೇ ಕೇಳುತ್ತ ಹೋದರು. 1976ರಲ್ಲಿ ಎಚ್‌ಡಿ-28 ಆ ಕೆರೆತದೊಂದಿಗೇ ಬಂತು. ನಾದವನ್ನು ಮರದ ಜಾತಿಗಿಂತ ಉಳಿಯ ಕೆಲಸ ಹೆಚ್ಚು ಬದಲಿಸಬಲ್ಲದು ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ದೊಡ್ಡ ಒಡಲು ಎಲ್ಲರಿಗೂ ಬೇಕಿಲ್ಲ. 1992ರ ಅನ್‌ಪ್ಲಗ್ಡ್ ಟಿವಿ ಕಾರ್ಯಕ್ರಮದಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹಿಡಿದಿದ್ದು 1939ರ ಪುಟ್ಟ ಮಾರ್ಟಿನ್ 000-42. ಬೆರಳಿನಿಂದ ಮೀಟುವವರಿಗೆ ಇಂಥ ಸಣ್ಣ ಒಡಲಿನಲ್ಲಿ ಸ್ವರಗಳು ಒಂದರ ಮೇಲೊಂದು ಬೀಳದೆ ಬಿಡಿಸಿದಂತೆ ಕೇಳುತ್ತವೆ. ತೋಳಿಗೂ ಹಿತ.

ಗಿಬ್ಸನ್‌ನ ಕಥೆ ಬೇರೆ. ಮಿಷಿಗನ್‌ನ ಕಲಮಜೂದಲ್ಲಿ ಆರ್ವಿಲ್ ಗಿಬ್ಸನ್ ಹೆಸರಿನಲ್ಲಿ 1902ರಲ್ಲಿ ಶುರುವಾದ ಕಂಪನಿ ಇದು. ಇದರ ಜೆ-45 ಬಂದದ್ದು 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ. ಗಂಡಸರು ಸೇನೆಗೆ ಹೋಗಿದ್ದರು. ಗಿಟಾರ್ ಕಟ್ಟಿದವರಲ್ಲಿ ಬಹುಪಾಲು ಹೆಂಗಸರು. ಆ ವರ್ಷಗಳ ಗಿಬ್ಸನ್‌ಗಳನ್ನು ಸಂಗ್ರಾಹಕರು ಇಂದು ಹುಡುಕಿಕೊಂಡು ಹೋಗುತ್ತಾರೆ, ಕಟ್ಟಿದ ಕೈಗಳ ಹೆಸರು ಮಾತ್ರ ಬಹಳ ಕಾಲ ಯಾರೂ ಹೇಳಿರಲಿಲ್ಲ. ಅದು ಸರಿಯಲ್ಲ ಎಂದು ಈಗಲಾದರೂ ಹೇಳಬೇಕು.

ಜೆ-45ರ ಭುಜ ಇಳಿಜಾರು, ಬೆನ್ನು-ಪಕ್ಕೆ ಮಹಾಗನಿಯದು. ತಂತಿಯ ನುಡಿಯುವ ಉದ್ದ 24.75 ಇಂಚು, ಮಾರ್ಟಿನ್ ಡ್ರೆಡ್‌ನಾಟಿನದು 25.4. ಅರ್ಧ ಇಂಚಿಗಿಂತ ತುಸು ಹೆಚ್ಚಿನ ಈ ವ್ಯತ್ಯಾಸದಿಂದ ಅದೇ ತಂತಿ ಅದೇ ಶ್ರುತಿಯಲ್ಲಿ ಸುಮಾರು ಶೇ 5ರಷ್ಟು ಸಡಿಲವಾಗಿರುತ್ತದೆ. ಎಡಗೈ ಬೆರಳಿಗೆ ಮೆತ್ತಗೆ ಒಗ್ಗುತ್ತದೆ. ನಾದ ಒಣಗಿದ್ದು, ಗುಂಡಗಿದ್ದು, ಬೇಗ ಆರುತ್ತದೆ. ಕೇಳುವಾಗ ಕೊರತೆಯೆನಿಸುವ ಈ ಗುಣವೇ ಹಾಡುವವರಿಗೆ ವರ. ಸ್ವರ ಬೇಗ ಆರಿದ ಜಾಗದಲ್ಲಿ ಮಾತು ಕೂರುತ್ತದೆ. ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಶರೀಫರ ತತ್ವಪದಗಳನ್ನು ಹಾಡತೊಡಗಿದ ಮೇಲೆ ಕನ್ನಡದ ಹಾಡುಗಳಿಗೆ ಈ ವಾದ್ಯ ಜೊತೆಯಾಗುವುದು ಹೊಸತೇನಲ್ಲ. ಭಾವಗೀತೆಯಾಗಲಿ ತತ್ವಪದವಾಗಲಿ, ಒಂದೊಂದು ಅಕ್ಷರವೂ ಕೇಳಬೇಕಾದ ಕಡೆ ನಾನು ಕಾರ್ವೆ ಉದ್ದದ ಗಿಟಾರಿಗಿಂತ ಈ ಬಗೆಯದನ್ನೇ ಆರಿಸಿಕೊಳ್ಳುತ್ತೇನೆ. ಗಿಬ್ಸನ್‌ನ ಅಕೌಸ್ಟಿಕ್ ಗಿಟಾರ್‌ಗಳು 1989ರಿಂದ ಮೊಂಟಾನಾದ ಬೋಜ್‌ಮನ್‌ನಲ್ಲಿ ತಯಾರಾಗುತ್ತಿವೆ.

ಟೇಲರ್ ಹೊಸಬ. 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಬ್ ಟೇಲರ್ ಮತ್ತು ಕರ್ಟ್ ಲಿಸ್ಟಗ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗರು ಕಟ್ಟಿದ ಕಂಪನಿ. ಇವರ ಗಿಟಾರಿನ ಕುತ್ತಿಗೆ ಸಪೂರ, ಎಲೆಕ್ಟ್ರಿಕ್ ಗಿಟಾರ್ ನುಡಿಸಿದವರ ಕೈಗೆ ತಕ್ಷಣ ಒಗ್ಗುವಂಥದ್ದು. ಮಾರ್ಟಿನ್‌ನ ಹಳೆಯ ಪದ್ಧತಿಯಲ್ಲಿ ಕುತ್ತಿಗೆಯನ್ನು ಒಡಲಿಗೆ ಅಂಟು ಹಾಕಿ ಕೂಡಿಸುತ್ತಾರೆ, ದಶಕಗಳ ಬಳಿಕ ಅದು ಬಾಗಿದರೆ ಹಬೆ ಹಾಯಿಸಿ ಬಿಡಿಸಬೇಕು. ಟೇಲರ್ ಬೋಲ್ಟ್ ಹಾಕಿತು, ರಿಪೇರಿ ಸುಲಭವಾಯಿತು. 2018ರಲ್ಲಿ ಕೆಲವು ಮಾದರಿಗಳಲ್ಲಿ ಎಕ್ಸ್ ಬಿಟ್ಟು ವಿ ಆಕಾರದ ಕಟ್ಟನ್ನು ತಂದಿತು. ಟೇಲರ್ ನಾದ ನಿಚ್ಚಳ, ಮೇಲಿನ ಸ್ವರಗಳು ಮಿನುಗುತ್ತವೆ, ಆರೂ ತಂತಿ ಸಮನಾಗಿ ಕೇಳುತ್ತವೆ. ವೇದಿಕೆಯ ಮೇಲೆ ತಬಲಾ, ಕೀಬೋರ್ಡ್‌ಗಳ ಜೊತೆ ಕೇಬಲ್ ಸಿಕ್ಕಿಸಿ ನುಡಿಸುವವರಿಗೆ ಇದು ಅನುಕೂಲ. ಒಬ್ಬರೇ ಕೂತು ಹಾಡುವಾಗ ನನ್ನ ಕಿವಿಗೆ ಸ್ವಲ್ಪ ಹೆಚ್ಚೇ ಹೊಳಪು.

ಆದರೆ ಟೇಲರ್‌ನ ಒಂದು ಕೆಲಸವನ್ನು ನಾನು ಅದರ ನಾದಕ್ಕಿಂತ ಹೆಚ್ಚು ಮೆಚ್ಚುತ್ತೇನೆ. ಬೆರಳು ಓಡಾಡುವ ಹಲಗೆಗೆ ಅಚ್ಚ ಕಪ್ಪಿನ ಎಬೊನಿಯೇ ಬೇಕೆಂದು ಲೋಕವೆಲ್ಲ ಕೇಳುತ್ತಿದ್ದುದರಿಂದ ಕ್ಯಾಮರೂನಿನ ಕಾಡುಗಳಲ್ಲಿ ಕಂದು ಗೆರೆಯಿರುವ ಮರವನ್ನು ಕಡಿದ ಮೇಲೂ ಅಲ್ಲೇ ಬಿಟ್ಟು ಬರುತ್ತಿದ್ದರು. 2011ರಲ್ಲಿ ಅಲ್ಲಿನ ಎಬೊನಿ ಗಿರಣಿಯೊಂದನ್ನು ಸ್ಪೇನಿನ ಕಂಪನಿಯ ಜೊತೆ ಕೊಂಡುಕೊಂಡ ಟೇಲರ್, ಗೆರೆಯಿರುವ ಮರವನ್ನೂ ತನ್ನ ಒಳ್ಳೆಯ ಗಿಟಾರ್‌ಗಳಿಗೇ ಹಾಕತೊಡಗಿತು. ಬೀಟೆ ಬೆಳೆಯುವ ನಾಡಿನವರು ಇದನ್ನು ಗಮನಿಸಬೇಕು.

ಮಾರ್ಟಿನ್, ಗಿಬ್ಸನ್, ಟೇಲರ್ ಕಂಪನಿಗಳ ಇಂಥ ಗಿಟಾರ್‌ಗಳು ಲಕ್ಷಗಳ ಮಾತು. ನಮ್ಮಲ್ಲಿ ಬಹುಪಾಲು ಮಂದಿ ಕಲಿಯಲು ಶುರುಮಾಡುವುದು ಯಮಹಾ ಎಫ್310ರಂಥ ಗಿಟಾರಿನಲ್ಲಿ, ಇಲ್ಲವೇ ಕೋಲ್ಕತ್ತದ ಗಿವ್ಸನ್‌ನಂಥದ್ದರಲ್ಲಿ. ಇಂಥವುಗಳ ಮೇಲ್ಹಲಗೆ ಪದರ ಅಂಟಿಸಿದ ಪ್ಲೈವುಡ್ ಬಗೆಯದು. ಮಳೆ-ಬಿಸಿಲು ತಡೆಯುತ್ತದೆ, ಕಂಪನ ಕಡಿಮೆ. ಇದರಿಂದ ಮೇಲೇರಲು ಬಯಸುವವರು ಬೆನ್ನಿನ ಮರದ ಹೆಸರು ಕೇಳುವ ಮೊದಲು ಮೇಲ್ಹಲಗೆ ಇಡೀ ಮರದ್ದೇ ಎಂದು ಕೇಳಲಿ. ನೀವೇ ನೋಡಬಹುದು. ಒಡಲಿನ ನಡುವಿನ ದುಂಡು ರಂಧ್ರದ ಅಂಚನ್ನು ಬೆಳಕಿಗೆ ಹಿಡಿಯಿರಿ. ಮೇಲೆ ಕಾಣುವ ಗೆರೆಗಳು ಅಂಚಿನ ದಪ್ಪದಲ್ಲೂ ಹಾಗೇ ಇಳಿದಿದ್ದರೆ ಇಡೀ ಮರ. ಅಂಚಿನಲ್ಲಿ ಅಡ್ಡ ಪದರಗಳು ಕಂಡರೆ ಪ್ಲೈ. ಯಮಹಾದಲ್ಲೇ ಎಫ್‌ಜಿ800ರಿಂದ ಇಡೀ ಸ್ಪ್ರೂಸ್ ಸಿಗುತ್ತದೆ. ಮಧ್ಯಮ ಬೆಲೆಯಲ್ಲಿ ಕೇಳುವ ದೊಡ್ಡ ವ್ಯತ್ಯಾಸ ಇದೊಂದೇ.

ಅಂಗಡಿಯಲ್ಲಿ ಕುಳಿತಾಗ ನೀವು ಮನೆಯಲ್ಲಿ ನಿಜವಾಗಿ ಹಾಡುವ ಹಾಡನ್ನೇ ನುಡಿಸಿ, ನಿಮ್ಮ ಪಿಕ್ ಜೇಬಿನಲ್ಲಿ ಒಯ್ಯಿರಿ. ಆಮೇಲೆ ಗಿಟಾರನ್ನು ಬೇರೆಯವರ ಕೈಗೆ ಕೊಟ್ಟು ಎದುರಿಗೆ ಕೂತು ಕೇಳಿ, ಏಕೆಂದರೆ ನಾದ ಮುಂದಕ್ಕೆ ಹೋಗುತ್ತದೆ, ನುಡಿಸುವವರಿಗೆ ಅರ್ಧವೇ ಕೇಳುವುದು. ಒಂದೇ ಮಾದರಿಯ ಎರಡು ಗಿಟಾರ್ ಇದ್ದರೆ ಎರಡನ್ನೂ ನುಡಿಸಿ, ಎರಡು ಹಲಗೆ ಎಂದೂ ಒಂದೇ ಅಲ್ಲ. ಒಂದರ ತಂತಿ ಹೊಸದು, ಇನ್ನೊಂದರದು ತುಕ್ಕು ಹಿಡಿದದ್ದು ಎಂದಾದರೆ ಆ ಹೋಲಿಕೆಗೆ ಅರ್ಥವಿಲ್ಲ.

ನಮ್ಮ ಹವೆಯೂ ನಾದದಲ್ಲಿ ಪಾಲುದಾರ. ಗಿಟಾರಿಗೆ ಹಿತವಾದ ತೇವಾಂಶ ಶೇ 45ರಿಂದ 55. ಮಂಗಳೂರಿನ ಆಷಾಢದಲ್ಲಿ ಮೇಲ್ಹಲಗೆ ನೀರು ಹೀರಿ ಉಬ್ಬಿ, ತಂತಿ ಮೇಲೆದ್ದು, ನಾದ ಮಂಕಾಗುತ್ತದೆ. ಕಲಬುರ್ಗಿಯ ಏಪ್ರಿಲ್ಲಿನಲ್ಲಿ ಮರ ಕುಗ್ಗಿ, ಬೆರಳು ಹಲಗೆಯ ಮೇಲಿನ ಲೋಹದ ಫ್ರೆಟ್‌ಗಳ ತುದಿಗಳು ಬೆರಳಿಗೆ ಚುಚ್ಚುತ್ತವೆ, ಹಲಗೆ ಸೀಳುವುದೂ ಉಂಟು. ಕರಾವಳಿಯವರು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಲಿ, ಬಯಲುಸೀಮೆಯವರು ಬೇಸಿಗೆಯಲ್ಲಿ ತೇವ ಕೊಡುವ ಸ್ಪಂಜನ್ನು ಇಡಲಿ.

ಈಗಾಗಲೇ ಮನೆಯಲ್ಲಿ ಗಿಟಾರ್ ಇರುವವರು ಹೊಸದಕ್ಕೆ ಹೊರಡುವ ಮುನ್ನ ಅದನ್ನೊಮ್ಮೆ ಬಲ್ಲವರ ಬಳಿ ಒಯ್ದು ಸರಿಮಾಡಿಸಲಿ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಆರನೆಯ ತಂತಿ ಎರಡೂವರೆ ಮಿಲಿಮೀಟರ್, ಮೊದಲನೆಯದು ಎರಡಕ್ಕಿಂತ ತುಸು ಕಡಿಮೆ ಎತ್ತರದಲ್ಲಿರಲಿ. ಕುದುರೆಯ ಪ್ಲಾಸ್ಟಿಕ್ ತುಂಡು ತೆಗೆಸಿ ಮೂಳೆಯದನ್ನು ಹಾಕಿಸಿ. ದನಿ ಚುರುಕಾಗಿರಬೇಕಾದರೆ 80/20 ಬ್ರಾಂಜ್ ತಂತಿ, ಬೆಚ್ಚಗಿದ್ದು ಹೆಚ್ಚು ದಿನ ಬಾಳಬೇಕಾದರೆ ಫಾಸ್ಫರ್ ಬ್ರಾಂಜ್. ಇಷ್ಟು ಮಾಡಿ ಕೆಲವು ತಿಂಗಳು ನುಡಿಸಿದ ಮೇಲೂ ಕಿವಿ ಇನ್ನೇನನ್ನೋ ಕೇಳುತ್ತಿದ್ದರೆ, ಅದು ಮಂದ್ರದ ತುಂಬುತನವೋ, ಮಾತಿಗೆ ಜಾಗವೋ, ಬಿಡಿ ಸ್ವರದ ಹೊಳಪೋ ಎಂದು ನಿಮಗೇ ತಿಳಿದಿರುತ್ತದೆ. ಅಂಗಡಿಯವರಿಗೆ ಅದನ್ನೇ ಹೇಳಿ, ಕಂಪನಿಯ ಹೆಸರನ್ನು ಅವರು ಹೇಳಲಿ.