ಕೋಲ್‌ಗಿಂತ 27 ವರ್ಷ ಮೊದಲೇ ತೀರ್ಪು ಬಂದಿತ್ತು

14,75,73,95,25,89,67,64,12,927. ಎರಡರ 67ನೇ ಘಾತದಿಂದ ಒಂದನ್ನು ಕಳೆದರೆ ಉಳಿಯುವ ಸಂಖ್ಯೆ ಇದು. ಫ್ರಾನ್ಸಿನ ಪಾದ್ರಿ ಮರೀನ್ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯ ಸಂಖ್ಯೆಗಳ ಪಟ್ಟಿಗೆ ಸೇರಿಸಿದ್ದರು. ಮುಂದೆ 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯೊಂದರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ತುಟಿ ಬಿಚ್ಚದೆ ಕಪ್ಪುಹಲಗೆಯ ಮೇಲೆ 19,37,07,721ನ್ನು 7,61,83,82,57,287ರಿಂದ ಗುಣಿಸಿ ತೋರಿಸಿದರಂತೆ. ಉತ್ತರ ಅದೇ ಸಂಖ್ಯೆ. ಸಭೆಯೆಲ್ಲ ಚಪ್ಪಾಳೆ.

ಇದು ಅವಿಭಾಜ್ಯವಲ್ಲ ಎಂದು ಜಗತ್ತಿಗೆ ಗೊತ್ತಾದದ್ದು ಅಂದೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು.

ಫ್ರಾನ್ಸಿನ ಎದ್ವಾರ್ ಲೂಕಾ 1876ರಲ್ಲೇ ಇದು ಸಂಯುಕ್ತ ಸಂಖ್ಯೆ ಎಂದು ಸಾಧಿಸಿದ್ದರು. ಆದರೆ ಇದನ್ನು ಭಾಗಿಸುವ ಒಂದೇ ಒಂದು ಅಪವರ್ತನವೂ ಅವರ ಕೈಯಲ್ಲಿರಲಿಲ್ಲ! ಅಪವರ್ತನ ತೋರಿಸದೆ ಸಂಯುಕ್ತ ಎನ್ನುವುದು ಹೇಗೆ ಎಂಬ ಅನುಮಾನ ಸಹಜ. ಲೂಕಾ ಹಾಕಿಕೊಟ್ಟ ದಾರಿಯನ್ನು ಗಣಿತಜ್ಞ ಲೆಹ್ಮರ್ 1930ರ ದಶಕದಲ್ಲಿ ಸರಳಗೊಳಿಸಿದರು. ಅದನ್ನು ಚಿಕ್ಕ ಸಂಖ್ಯೆಯೊಂದರ ಮೇಲೆ ಪ್ರಯೋಗಿಸಿದರೆ ಅನುಮಾನ ಕರಗುತ್ತದೆ. ಎರಡರ 5ನೇ ಘಾತದಲ್ಲಿ ಒಂದು ಕಳೆದರೆ 31. 4ರಿಂದ ಶುರುಮಾಡಿ, ಪ್ರತಿ ಸಲವೂ ವರ್ಗ ಮಾಡಿ 2 ಕಳೆದು, 31ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಮೊದಲು 14, ಆಮೇಲೆ 194, ಅದರ ಶೇಷ 8, ಕೊನೆಗೆ 62, ಶೇಷ ಸೊನ್ನೆ. ಘಾತ 5 ಆದ್ದರಿಂದ ಅದಕ್ಕಿಂತ ಎರಡು ಕಡಿಮೆ, ಅಂದರೆ ಮೂರೇ ಹೆಜ್ಜೆ. ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. 67ಕ್ಕೆ 65 ಹೆಜ್ಜೆ ನಡೆಯಬೇಕು. ಅಲ್ಲಿ ಸೊನ್ನೆ ಬರುವುದಿಲ್ಲ. ಯಾವುದು ಭಾಗಿಸುತ್ತದೆ ಎಂಬ ಮಾತನ್ನೇ ಎತ್ತದೆ ತೀರ್ಪು ಸಿಗುತ್ತದೆ. ಸಂಖ್ಯಾಸಿದ್ಧಾಂತದ ಅತ್ಯಂತ ಸುಂದರ ಸಂಗತಿಗಳಲ್ಲಿ ಇದೂ ಒಂದು.

ಹಾಗೆಂದು ಕೋಲ್ ಸಾಧನೆ ಚಿಕ್ಕದಾಗುವುದಿಲ್ಲ. ಅವರು ಕಂಡ ಸಂಖ್ಯೆಗಳು ಎರಡೂ ಅವಿಭಾಜ್ಯ. ಅಂದರೆ ಹತ್ತೊಂಬತ್ತು ಕೋಟಿ ದಾಟುವವರೆಗೂ, ಒಂದನ್ನು ಬಿಟ್ಟರೆ, ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವುದು ಯಾವುದೂ ಇಲ್ಲ. ಅವರು 3, 5, 7 ಎಂದು ಒಂದೊಂದಾಗಿ ಭಾಗಿಸುತ್ತ ಕುಳಿತರು ಎಂಬ ಊಹೆಯೂ ಸರಿಯಲ್ಲ. ಇಲ್ಲಿ ಅಪವರ್ತನ ಇದ್ದರೆ ಅದು 134ರ ಗುಣಕಕ್ಕೆ ಒಂದು ಕೂಡಿಸಿದ ರೂಪದಲ್ಲೇ ಇರಬೇಕೆಂಬುದು ಮೊದಲೇ ತಿಳಿದಿತ್ತು. 134ನ್ನು 14,45,580ರಿಂದ ಗುಣಿಸಿ ಒಂದು ಕೂಡಿಸಿದರೆ ಕೋಲ್‌ರ ಚಿಕ್ಕ ಅಪವರ್ತನ ಬರುತ್ತದೆ. ಇದರ ಮೇಲೆ ವರ್ಗಶೇಷಗಳ ನಿಯಮಗಳನ್ನೂ ಬಳಸಿ ಅವರು ಹುಡುಕಾಟವನ್ನು ಇನ್ನಷ್ಟು ಕುಗ್ಗಿಸಿದರು.

ಘಾತ ಅವಿಭಾಜ್ಯವಾದರೆ ಉತ್ತರವೂ ಅವಿಭಾಜ್ಯ ಎಂಬ ನಂಬಿಕೆಯನ್ನು ಮುರಿಯಲಂತೂ ಘಾತ 11 ಸಾಕು: ಎರಡರ 11ನೇ ಘಾತದಲ್ಲಿ ಒಂದು ಕಳೆದರೆ ಬರುವ 2047 ಎಂದರೆ 23 ಗುಣಿಲೆ 89.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎನ್ನುವವರಿದ್ದಾರೆ. ಕೋಲ್‌ರ ಸಂಖ್ಯೆಯನ್ನು ಇಂದಿನ ಲ್ಯಾಪ್‌ಟಾಪ್ ಕ್ಷಣದಲ್ಲಿ ಒಡೆಯುತ್ತದೆ, ನಿಜ. ಆದರೆ ಎರಡರ 1277ನೇ ಘಾತದಲ್ಲಿ ಒಂದು ಕಳೆದು ಬರುವ 385 ಅಂಕಿಗಳ ಸಂಖ್ಯೆ ಸಂಯುಕ್ತವೆಂದು ಸಾಬೀತಾಗಿ ದಶಕಗಳೇ ಕಳೆದರೂ ಅದರ ಒಂದು ಅಪವರ್ತನವೂ ಇನ್ನೂ ಪತ್ತೆಯಾಗಿಲ್ಲ.