ಓಟದ ದೂರವೂ ಚಾರ್ಜಿನ ವೇಗವೂ: ಎರಡು ವಿದ್ಯುದ್ವಾಹನಗಳ ತುಲನೆ

ಬೆಂಗಳೂರಿನಲ್ಲಿ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಮಾರಾಟಕ್ಕೆ ಬಂದಾಗ, ಸೀಸ-ಆಮ್ಲದ ಬ್ಯಾಟರಿಗಳನ್ನು ಹೊತ್ತ ಆ ವಾಹನವು ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು ಓಡುವುದೆಂಬುದೂ, ಪೂರ್ತಿ ಚಾರ್ಜಿಗೆ ಎಂಟು ಗಂಟೆ ಹಿಡಿಯುವುದೆಂಬುದೂ ಅದರ ಸಾಮರ್ಥ್ಯದ ಎಲ್ಲೆಗಳಾಗಿದ್ದವು. ಅದನ್ನು ತಯಾರಿಸಿದ ಕಂಪನಿಯನ್ನು 2010ರಲ್ಲಿ ತನ್ನದಾಗಿಸಿಕೊಂಡ ಮಹೀಂದ್ರಾ ಸಂಸ್ಥೆಯೇ 2024ರ ನವೆಂಬರಿನಲ್ಲಿ ಬಿಇ 6 ಎಂಬ ಎಸ್‌ಯುವಿಯನ್ನು ಅನಾವರಣಗೊಳಿಸಿತು. ಅದಕ್ಕೆ ಮೂರು ತಿಂಗಳ ಮುಂಚೆ, ಆಗಸ್ಟಿನಲ್ಲಿ, ಟಾಟಾ ಸಂಸ್ಥೆಯ ಕರ್ವ್ ಇವಿ ಮಾರುಕಟ್ಟೆಗೆ ಇಳಿದಿತ್ತು. ಇವೆರಡರ ಹಿರಿಯ ಬ್ಯಾಟರಿಯ ಮಾದರಿಗಳನ್ನು ಎದುರುಬದುರು ನಿಲ್ಲಿಸಿ, ಎಷ್ಟು ದೂರ ಓಡಿಯಾವು, ಎಷ್ಟು ಬೇಗ ತುಂಬಿಕೊಂಡಾವು ಎಂದು ವಿಚಾರಿಸುವುದೇ ಈ ಅಧ್ಯಾಯದ ಉದ್ದೇಶ.

ಬ್ಯಾಟರಿಯ ಗಾತ್ರವನ್ನು ಹೇಳುವ ಕಿಲೋವ್ಯಾಟ್-ಅವರ್ ಎಂಬ ಮಾನವು ನಮಗೆ ಅಪರಿಚಿತವಾದುದಲ್ಲ. ತಿಂಗಳು ತಿಂಗಳೂ ಮನೆಗೆ ಬರುವ ಕರೆಂಟ್ ಬಿಲ್ಲಿನ ‘ಯೂನಿಟ್’ ಎಂದರೆ ಅದೇ. ಕರ್ವ್ ಇವಿಯ ದೊಡ್ಡ ಬ್ಯಾಟರಿ 55 ಯೂನಿಟ್ಟಿನದು, ಬಿಇ 6ರದು 79 ಯೂನಿಟ್ಟಿನದು. ಕಿಲೋವ್ಯಾಟ್ ಎಂಬುದು ಬೇರೆಯೇ: ವಿದ್ಯುತ್ತು ಎಷ್ಟು ರಭಸದಿಂದ ಹರಿಯುತ್ತಿದೆ ಎಂಬುದರ ಲೆಕ್ಕ. 60 ಕಿಲೋವ್ಯಾಟಿನ ಚಾರ್ಜರು ಒಂದು ಗಂಟೆಯಲ್ಲಿ ಹೆಚ್ಚೆಂದರೆ 60 ಯೂನಿಟ್ ಕೊಟ್ಟೀತು. ಈ ಭೇದವೊಂದು ಮನಸ್ಸಿನಲ್ಲಿ ನಿಂತರೆ ಮಾರಾಟಗಾರನ ಮಾತಿನಲ್ಲಿ ಅರ್ಧ ತಾನಾಗಿಯೇ ತಿಳಿಯಾಗುತ್ತದೆ.

ದೂರದ ವಿಷಯವನ್ನು ಮೊದಲು ನೋಡೋಣ. ಕರ್ವ್ ಇವಿ ಬಂದ ಹೊಸತರಲ್ಲಿ ಅದರ ರೇಂಜು 585 ಕಿಲೋಮೀಟರೆಂದು ಘೋಷಿತವಾಯಿತು. ಅದೇ ವಾಹನಕ್ಕೆ, ಅದೇ ಬ್ಯಾಟರಿಗೆ, 502 ಎಂಬ ಇನ್ನೊಂದು ಸಂಖ್ಯೆಯೂ ಉಂಟು. ಇದರಲ್ಲಿ ಮೋಸವೇನೂ ಇಲ್ಲ. ಭಾರತೀಯ ಪರೀಕ್ಷಾಕ್ರಮದ ಮೊದಲ ಭಾಗವು ನಗರದ ನಿಧಾನಗತಿಯನ್ನು ಅನುಕರಿಸತಕ್ಕದ್ದು. ಎರಡನೆಯ ಭಾಗವು ಗಂಟೆಗೆ 90 ಕಿಲೋಮೀಟರಿನವರೆಗೆ ವೇಗವನ್ನು ಏರಿಸತಕ್ಕದ್ದು. ಮೊದಲ ಭಾಗವೊಂದನ್ನೇ ಹಿಡಿದರೆ 585, ಎರಡನ್ನೂ ಕೂಡಿಸಿದರೆ 502. ಎರಡೂ ಭಾಗಗಳ ಪರೀಕ್ಷೆಯಲ್ಲಿ ಬಿಇ 6 ಪಡೆದ ಅಂಕೆ 683. ಆದುದರಿಂದ 585ನ್ನು 683ರ ಪಕ್ಕದಲ್ಲಿ ಇಟ್ಟು ತೂಗುವವನು ಅಳತೆಗೋಲನ್ನೇ ಬದಲಿಸಿದಂತಾಗುತ್ತದೆ. ತುಲನೆಗೆ ಯೋಗ್ಯವಾದ ಜೋಡಿ 502 ಮತ್ತು 683. ಈ ಜೋಡಿಯನ್ನು ಬ್ಯಾಟರಿಯ ಗಾತ್ರದಿಂದ ಭಾಗಿಸಿದರೆ ಯೂನಿಟ್ಟಿಗೆ ಕರ್ವ್ ಸುಮಾರು 9.1 ಕಿಲೋಮೀಟರನ್ನೂ ಬಿಇ 6 ಸುಮಾರು 8.6 ಕಿಲೋಮೀಟರನ್ನೂ ಕ್ರಮಿಸುವುದು ಕಾಣುತ್ತದೆ: ಮಿತವ್ಯಯದಲ್ಲಿ ಚಿಕ್ಕದು ಮುಂದು, ದಾಸ್ತಾನಿನಲ್ಲಿ ದೊಡ್ಡದು ಮುಂದು.

ಪರೀಕ್ಷಾಶಾಲೆಯ ಸಂಖ್ಯೆ ರಸ್ತೆಯ ಸಂಖ್ಯೆಯಲ್ಲವೆಂಬುದನ್ನು ಟಾಟಾ ಸಂಸ್ಥೆ ತಾನೇ ಒಪ್ಪಿಕೊಂಡು, ತನ್ನ ಗ್ರಾಹಕರಲ್ಲಿ ನೂರಕ್ಕೆ 75 ಮಂದಿಗೆ ದೊರೆಯಬಹುದಾದ ದೂರವೆಂದು 400ರಿಂದ 425 ಕಿಲೋಮೀಟರನ್ನು ಹೇಳಿದೆ. ಇದು ಮೆಚ್ಚತಕ್ಕ ಪ್ರಾಮಾಣಿಕತೆ. ಈ ಕುಸಿತಕ್ಕೆ ಮುಖ್ಯ ಕಾರಣಗಳಲ್ಲೊಂದು ಗಾಳಿ. ವಾಯುವಿನ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 90ರ ವೇಗವನ್ನು 110ಕ್ಕೆ ಏರಿಸಿದವನು ಆ ಪ್ರತಿರೋಧವನ್ನು ಸುಮಾರು ಒಂದೂವರೆ ಪಟ್ಟು ಮಾಡಿಕೊಂಡಿರುತ್ತಾನೆ. ಇನ್ನು ಘಟ್ಟದ ಮಾತು. ಸಮುದ್ರಮಟ್ಟದ ಮಂಗಳೂರಿನಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿಗೆ, ಜನರು ಮತ್ತು ಸಾಮಾನುಗಳೂ ಸೇರಿ ಎರಡು ಟನ್ನು ತೂಗುವ ವಾಹನವನ್ನು ಎತ್ತುವುದಕ್ಕೇ ಐದು ಯೂನಿಟ್ಟಿನಷ್ಟು ವಿದ್ಯುತ್ತು ಬೇಕು. ಯಂತ್ರದಲ್ಲಿ ಆಗುವ ನಷ್ಟ ಬೇರೆ. ಇಳಿಯುವಾಗ ಮೋಟಾರೇ ಜನರೇಟರಾಗಿ ಒಂದು ಪಾಲನ್ನು ಹಿಂದಿರುಗಿಸುತ್ತದೆ, ಪೂರ್ತಿಯನ್ನಲ್ಲ. ಹೀಗಾಗಿ ಸುಮಾರು 350 ಕಿಲೋಮೀಟರಿನ ಈ ದಾರಿಯಲ್ಲಿ ಬೆಂಗಳೂರಿನಿಂದ ಕೆಳಗಿಳಿಯುವ ಕರ್ವ್ ನಿರಾತಂಕವಾಗಿ ತಲಪಬಹುದು. ಮೇಲೇರುವಾಗ ಮಾತ್ರ ನಡುವೆಲ್ಲಾದರೂ ಕಾಫಿ ಕುಡಿಯುವ ಹೊತ್ತಿಗೆ ಚಾರ್ಜರಿಗೆ ಕಟ್ಟಿಹಾಕುವುದು ವಿವೇಕ. ಬಿಇ 6ಕ್ಕೆ ಎರಡು ದಿಕ್ಕಿನಲ್ಲಿಯೂ ಆ ಚಿಂತೆಯಿಲ್ಲ.

ಚಾರ್ಜಿನ ವೇಗದಲ್ಲಿಯೂ ಅಳತೆಗೋಲಿನ ಪ್ರಶ್ನೆ ಮತ್ತೆ ಏಳುತ್ತದೆ. ಟಾಟಾ ಹೇಳುವುದು ಶೇಕಡ 10ರಿಂದ 80ಕ್ಕೆ 40 ನಿಮಿಷವೆಂದು. ಮಹೀಂದ್ರಾ ಹೇಳುವುದು 20ರಿಂದ 80ಕ್ಕೆ 20 ನಿಮಿಷವೆಂದು. ಯೂನಿಟ್ಟಿಗೆ ಇಳಿಸಿ ನೋಡಿದರೆ ಕರ್ವ್ 40 ನಿಮಿಷದಲ್ಲಿ ಸುಮಾರು 38 ಯೂನಿಟ್ಟನ್ನೂ, ಬಿಇ 6 ಅದರರ್ಧ ಸಮಯದಲ್ಲಿ 47 ಯೂನಿಟ್ಟನ್ನೂ ಒಳಗೊಳ್ಳುತ್ತವೆ. ಸರಾಸರಿ ರಭಸ ಒಂದರದು 58 ಕಿಲೋವ್ಯಾಟಿನ ಆಸುಪಾಸು, ಇನ್ನೊಂದರದು 140ಕ್ಕೂ ಮೇಲು.

ಇಬ್ಬರೂ 80ಕ್ಕೇ ನಿಲ್ಲುವುದೇಕೆ? ಕಣದಲ್ಲಿ ಚೀಲಕ್ಕೆ ರಾಗಿ ತುಂಬುವವರು ಮೊದಲು ಮೊರಮೊರದಷ್ಟು ಸುರಿದು, ಬಾಯಿಯ ಹತ್ತಿರ ಬಂದಾಗ ಕುಲುಕಿ ಕುಲುಕಿ ಬೊಗಸೆಯಲ್ಲಿ ಹಾಕುವಂತೆ, ಬ್ಯಾಟರಿಯೂ ತುಂಬುತ್ತ ಬಂದಂತೆ ನಿಧಾನವನ್ನು ಬೇಡುತ್ತದೆ. ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಸೇರಿ ಕೂಡಬೇಕು. ಎಡೆಯಿಲ್ಲದಾಗ ಬಲವಂತಪಡಿಸಿದರೆ ಅವು ಹೊರಮೈಯಲ್ಲಿ ಲೋಹವಾಗಿ ಲೇಪಗೊಂಡು ಬ್ಯಾಟರಿಯ ಆಯುಸ್ಸನ್ನು ಕುಗ್ಗಿಸುತ್ತವೆ. ಆದುದರಿಂದ ವಾಹನದ ನಿಯಂತ್ರಕವೇ ಪ್ರವಾಹವನ್ನು ತಗ್ಗಿಸುತ್ತದೆ. ಚಾರ್ಜರಿನ ಪರದೆಯ ಮುಂದೆ ನಿಂತರೆ ಇದು ಪ್ರತ್ಯಕ್ಷ: ಯೂನಿಟ್ಟಿನ ಅಂಕೆ ಏರುತ್ತಲೇ ಇರುತ್ತದೆ, ಕಿಲೋವ್ಯಾಟಿನ ಅಂಕೆ ಮಾತ್ರ ಚಾರ್ಜು ಶೇಕಡ 80 ದಾಟಿದ ಮೇಲೆ ಇಳಿಯತೊಡಗುತ್ತದೆ.

ಆದರೆ ನನ್ನ ಮುಖ್ಯವಾದ ಮಾತು ಬೇರೆ. ವಾಹನವು ಎಷ್ಟು ಸ್ವೀಕರಿಸಬಲ್ಲದು, ಚಾರ್ಜರು ಎಷ್ಟು ಕೊಡಬಲ್ಲದು, ಇವೆರಡರಲ್ಲಿ ಯಾವುದು ಕಿರಿದೋ ಅದೇ ನಿಜವಾದ ವೇಗ. ಬಿಇ 6ರ 20 ನಿಮಿಷವು 175 ಕಿಲೋವ್ಯಾಟಿನಷ್ಟು ಕೊಡಬಲ್ಲ ಚಾರ್ಜರು ಸಿಕ್ಕಿದಾಗಿನ ಮಾತು. 60 ಕಿಲೋವ್ಯಾಟಿನ ಚಾರ್ಜರಿಗೆ ಕಟ್ಟಿದರೆ ಅದೇ 47 ಯೂನಿಟ್ಟಿಗೆ ಮುಕ್ಕಾಲು ಗಂಟೆಗೂ ಮಿಕ್ಕಿ ಕಾಯಬೇಕಾಗುತ್ತದೆ. ಯೂನಿಟ್ಟಿಗೆ ಹೆಚ್ಚು ದೂರ ಓಡುವ ಕರ್ವ್ ಅಲ್ಲಿ ನಿಮಿಷಕ್ಕೆ ಗಳಿಸುವ ಕಿಲೋಮೀಟರುಗಳಲ್ಲಿ ಕೊಂಚ ಮುಂದೆಯೇ ಇದ್ದೀತು. ಎರಡು ಗನ್ನುಗಳಿರುವ ಎಷ್ಟೋ ಚಾರ್ಜರುಗಳಲ್ಲಿ ಪಕ್ಕಕ್ಕೆ ಇನ್ನೊಂದು ವಾಹನ ಬಂದು ನಿಂತೊಡನೆ ಇದ್ದ ಶಕ್ತಿಯೂ ಇಬ್ಭಾಗವಾಗುತ್ತದೆ. ಮನೆಯ 7.2 ಕಿಲೋವ್ಯಾಟಿನ ಪೆಟ್ಟಿಗೆಯ ಮುಂದಂತೂ ಈ ವೇಗದ ಹಮ್ಮೆಲ್ಲ ನಿರರ್ಥಕ: ಬರಿದಾದ ಕರ್ವ್ ತುಂಬಲು ಎಂಟು ಗಂಟೆಯ ಸುಮಾರು, ಬಿಇ 6 ತುಂಬಲು ಹನ್ನೊಂದಕ್ಕೂ ಹೆಚ್ಚು.

ದಿನಕ್ಕೆ 60 ಕಿಲೋಮೀಟರು ಓಡಿಸಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕುವವನಿಗೆ ಬೇಕಾಗುವುದು ಎಂಟೊಂಬತ್ತು ಯೂನಿಟ್ಟು ಮಾತ್ರ. ಅವನಿಗೆ ಕರ್ವ್ ಸಾಕು, ದೊಡ್ಡ ಬ್ಯಾಟರಿಗೆ ಹಣ ತೆರುವುದು ವ್ಯರ್ಥ. ವಾರವಾರವೂ ದೂರದೂರಿಗೆ ಹೋಗುವವನಿಗೆ ಬಿಇ 6ರ ದಾಸ್ತಾನು ಯಾವ ದಾರಿಯಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಅದರ ವೇಗ ಮಾತ್ರ ಪ್ರಬಲ ಚಾರ್ಜರುಗಳಿರುವ ದಾರಿಯಲ್ಲಷ್ಟೇ. ಕೊಳ್ಳುವ ಮುನ್ನ ಓದುಗರು ತಾವು ಪದೇ ಪದೇ ಹೋಗುವ ದಾರಿಯಲ್ಲಿ ಒಮ್ಮೆ ಇಳಿದು, ಅಲ್ಲಿನ ಚಾರ್ಜರುಗಳ ಮೈಮೇಲೆ ಬರೆದಿರುವ ಕಿಲೋವ್ಯಾಟಿನ ಅಂಕೆಗಳನ್ನು ಗುರುತು ಹಾಕಿಕೊಂಡು ಬರಬೇಕೆಂದು ಪ್ರಾರ್ಥನೆ.